ಕೇಳದೆ ತಗೊಂಡವಳು

ಶುಕ್ರವಾರ ಫೋನು ಬಂದಾಗ ಮೆಲೆನೈತೆಯ ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ದ್ರಾಕ್ಷಿ ಬಳ್ಳಿ, ಹಲ್ಲಿನ ನಡುವೆ ಕಟ್ಟುವ ದಾರ. ದಾರ ಉಗುಳಿ "ಹಲೋ" ಅಂದಳು.

"ನಿಮ್ಮ ಮಗಳು ಲುಪೆಯ ವಿಚಾರವಾಗಿ ಕರೆ ಮಾಡುತ್ತಿದ್ದೇನೆ." ಶಾಲೆಯ ಉಪಪ್ರಾಂಶುಪಾಲೆ ಮಿಸೆಸ್ ಡ್ರಿಸ್ಕಲ್. ಇಸ್ತ್ರಿ ಮಾಡಿ ಮಡಿಸಿಟ್ಟಂಥ ದನಿ. "ಗಾಬರಿಯಾಗಬೇಡಿ. ಯಾರಿಗೂ ಪೆಟ್ಟಾಗಿಲ್ಲ. ಆಸ್ತಿಗೆ ಸಂಬಂಧಿಸಿದ ಒಂದು ಘಟನೆ ನಡೆದಿದೆ."

"ಆಸ್ತಿನಾ? ನಮಗೆ ಯಾವ ಆಸ್ತಿನೂ ಇಲ್ವಲ್ಲ ಮೇಡಂ."

"ಲುಪೆ ಇನ್ನೊಬ್ಬ ವಿದ್ಯಾರ್ಥಿಯ ಜಾಕೆಟ್ಟನ್ನು ಅವನ ಅನುಮತಿ ಇಲ್ಲದೆ ತನ್ನ ವಶಕ್ಕೆ ತೆಗೆದುಕೊಂಡಿದ್ದಾಳೆ."

"ಅಂದ್ರೆ?"

ಆ ಕಡೆಯಿಂದ ಒಂದು ಉಸಿರು ಬಂತು. "ಕದ್ದಿದ್ದಾಳೆ."

ಇದು ಅರ್ಥವಾಯಿತು. ಇಂಥ ಮಾತು ಯಾವ ಭಾಷೆಯಲ್ಲಿ ಹೇಳಿದರೂ ಬೇಗ ಅರ್ಥವಾಗುತ್ತದೆ.

"ಯಾರ ಜಾಕೆಟ್ಟು?"

"ಗೌಪ್ಯತೆಯ ಕಾರಣದಿಂದ ಆ ವಿದ್ಯಾರ್ಥಿಯ ಹೆಸರು ಹೇಳಲು ಬರುವುದಿಲ್ಲ. ಮಂಗಳವಾರ ತಾವು ಬರಬೇಕು. ಅಲ್ಲಿಯವರೆಗೆ ಲುಪೆ ಶಾಲೆಗೆ ಬರುವುದು ಬೇಡ."

ಫೋನು ಜೇಬಿಗೆ ಹೋಯಿತು. ಕತ್ತರಿ ಮತ್ತೆ ಬಳ್ಳಿಗೆ ಹೋಯಿತು. ನಿಲ್ಲಿಸುವಂತಿಲ್ಲ. ಎಷ್ಟು ಗಿಡವೋ ಅಷ್ಟೇ ಕೂಲಿ. ಜುಲೈ ತಿಂಗಳು, ಈ ದೇಶದಲ್ಲಿ ನಡು ಚಳಿಗಾಲ. ಮರ್ರೆ ನದಿಯ ದಂಡೆಯ ತೋಟಗಳಲ್ಲಿ ಬಿಸಿಲು ಬಂದ ಮೇಲೂ ಹಿಮ ತಂತಿಯ ಮೇಲೆ ಕೂತೇ ಇರುತ್ತದೆ. ಕೈಗವಸು ಹಾಕಿದರೆ ದಾರ ಸಿಗುವುದಿಲ್ಲ, ಹಾಕದಿದ್ದರೆ ಬೆರಳೇ ಸಿಗುವುದಿಲ್ಲ. ಹಳೆ ಬಳ್ಳಿ ಕತ್ತರಿಸು. ತಂತಿಯಿಂದ ಎಳೆ. ಹೊಸ ಬಳ್ಳಿ ಬಗ್ಗಿಸು. ಸುತ್ತು. ಕಟ್ಟು. ಮುಂದಿನ ಗಿಡ. ಎಳೆದ ಬಳ್ಳಿ ಚಾವಟಿಯ ಹಾಗೆ ತಿರುಗಿ ಬಂದು ಕೆನ್ನೆಗೆ ಬೀಸುತ್ತದೆ. ಅವತ್ತು ಎಷ್ಟು ಸಲ ಬೀಸಿತೋ, ಅವಳಿಗೆ ಗೊತ್ತಾಗಲಿಲ್ಲ.

ತಲೆಯಲ್ಲಿ ಇದ್ದದ್ದು ಆಸ್ಪತ್ರೆ. ಲುಪೆಗೆ ಹದಿನೇಳು. ಮುಂದಿನ ತಿಂಗಳು ಶಾಲೆಯವರು ಅವಳನ್ನು ಊರ ಆಸ್ಪತ್ರೆಗೆ ನರ್ಸ್ ಕೆಲಸ ಕಲಿಯಲು ಕಳಿಸುವವರಿದ್ದರು. ಈ ಹುಡುಗಿ ಒಳ್ಳೆಯವಳು ಎಂದು ಶಾಲೆ ಹೇಳಿದರೆ ಮಾತ್ರ. ಕಳ್ಳಿಯನ್ನು ರೋಗಿಯ ದಿಂಬಿನ ಹತ್ತಿರ ಯಾರು ಬಿಟ್ಟುಕೊಳ್ಳುತ್ತಾರೆ? ಆಸ್ಪತ್ರೆ ತಪ್ಪಿದರೆ ಈ ಕತ್ತರಿ. ಈ ತಂತಿ. ಮೆಲೆನೈತೆ ತನ್ನ ಕೈ ನೋಡಿಕೊಂಡಳು. ಬೆರಳಿನ ಗೆಣ್ಣುಗಳು ಹಸಿ ಶುಂಠಿಯ ಹಾಗೆ ಊದಿದ್ದವು. ಇದನ್ನು ಮಗಳ ಕೈಗೆ ದಾಟಿಸಲು ಅವಳು ಸಮುದ್ರ ದಾಟಿ ಬಂದಿರಲಿಲ್ಲ.

ಮನೆಗೆ ಬಂದಾಗ ಲುಪೆ ಅಡುಗೆಮನೆಯ ನೆಲದ ಮೇಲೆ ಕೂತು ಕೆಸುವಿನ ಗೆಡ್ಡೆ ಹೆರೆಯುತ್ತಿದ್ದಳು. ತಾಯಿ ಬೂಟೂ ಬಿಚ್ಚಲಿಲ್ಲ.

"ತಗೊಂಡ್ಯೇನೇ?"

"ತಗೊಂಡೆ."

"ಯಾರದು?"

"ಮೊಸೆಸೆದು."

"ಯಾವ ಮೊಸೆಸೆ?"

"ಯಾವ ಮೊಸೆಸೆ ಅಂದ್ರೆ? ನಮ್ಮ ಮೊಸೆಸೆ. ಮಾವನ ಮಗ."

ಮೆಲೆನೈತೆಗೆ ನಗು ಬಂತು. ದಿನವಿಡೀ ಕತ್ತರಿಯ ಜೊತೆ ಹೊತ್ತುಕೊಂಡಿದ್ದ ಭಯ ನಗುವಾಗಿ ಹೊರಬಿತ್ತು. ಗೋಡೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

ನಗದೆ ಏನು ಮಾಡುತ್ತಾಳೆ? ಮೊಸೆಸೆ ಅವಳ ಒಡಹುಟ್ಟಿದ ತಮ್ಮ ಇಸಿಲೇಲಿಯ ಮಗ. ಇವರು ಬಿಟ್ಟು ಬಂದ ಟೊಂಗ ದ್ವೀಪದ ಜನರಲ್ಲಿ ಅಕ್ಕನೇ ಮೇಲು. ತಮ್ಮ ಊರಿಗೇ ಯಜಮಾನನಾದರೂ ಅಕ್ಕನ ಮುಂದೆ ಅವನ ಜಾಗ ನೆಲ. ಅಕ್ಕನ ಮಕ್ಕಳಿಗೆ ಫಹು ಅನ್ನುತ್ತಾರೆ. ಸೋದರಮಾವನ ಮನೆಯಲ್ಲಿ ಫಹುವಿಗೆ ಹಂದಿ ಬೇಕೆಂದರೆ ಹಂದಿ, ಚಾಪೆ ಬೇಕೆಂದರೆ ಚಾಪೆ. ಕೇಳಬೇಕಾಗಿಲ್ಲ. ಕೇಳಿದರೇ ತಪ್ಪು. ನನ್ನನ್ನು ಬೀದಿಯವನ ಹಾಗೆ ಕೇಳಿದಳಲ್ಲಾ ಎಂದು ಮಾವ ಮುಖ ಸಣ್ಣಗೆ ಮಾಡಿಕೊಳ್ಳುತ್ತಾನೆ. ಇನ್ನು ಮಾವನ ಮಗ. ಕೆಲವು ಸೀಮೆಗಳಲ್ಲಿ ಸೋದರಮಾವನ ಮಗನೆಂದರೆ ಅರ್ಧ ಮದುವೆಯಾದ ಹಾಗೆ. ಇವರಲ್ಲಿ ಅವನು ಬರೀ ತಮ್ಮ. ಅಕ್ಕ ತಮ್ಮ ದೊಡ್ಡವರಾದ ಮೇಲೆ ಒಂದೇ ಕೋಣೆಯಲ್ಲಿ ಕೂರುವುದಿಲ್ಲ, ಮುಖಕ್ಕೆ ಮುಖ ಕೊಟ್ಟು ಮಾತಾಡುವುದಿಲ್ಲ. ಅವಳು ಬಂದರೆ ಅವನು ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಾನೆ. ಮರ್ಯಾದೆ ಅಂದರೆ ಅದು.

"ಬೆಂಚ್ ಮೇಲೆ ಇಟ್ಟಿದ್ದ" ಅಂದಳು ಲುಪೆ. "ಎಲ್ಲರ ಮುಂದೇನೇ ತಗೊಂಡೆ. ಹಾಕ್ಕೊಂಡೆ. ಹೋದೆ. ಅವನೂ ನೋಡ್ದ. ತಲೆ ತಗ್ಗಿಸ್ದ, ಆ ಕಡೆ ತಿರುಗ್ದ. ಅಷ್ಟೇ."

"ಮತ್ತೆ ಇವರಿಗೇನು ನೋವು?"

"ಅದು ರಗ್ಬಿ ಟೀಮಿನ ಜಾಕೆಟ್ಟು. ಕೋಚ್ ಪ್ಲಂಕೆಟ್ ನೋಡಿದ. ಮೊಸೆಸೆನ ಕರೆದ." ಲುಪೆ ಗೆಡ್ಡೆ ಕೆಳಗಿಟ್ಟಳು. ಗಲ್ಲ ಉಬ್ಬಿಸಿ, ಎದೆ ಸೆಟೆಸಿ, ಒಂದೇ ಕ್ಷಣದಲ್ಲಿ ಕೋಚ್ ಆದಳು. "'ಏನ್ ದೋಸ್ತ್, ನೀನ್ ಕೊಟ್ಯಾ ಇವಳಿಗೆ?' ಮೊಸೆಸೆ ಅಂದ, 'ಇಲ್ಲ.' 'ಅವಳು ಕೇಳಿದ್ಳಾ?' 'ಇಲ್ಲ.' 'ಮತ್ತೆ?' ಮತ್ತೆ ಏನಂತಾನಮ್ಮಾ ಅವನು, ನಾನು ಎದುರಿಗೆ ನಿಂತಿದೀನಿ! ಕಾಲ್ಬೆರಳು ನೋಡ್ತಾ ನಿಂತ. ಆಮೇಲೆ ಡ್ರಿಸ್ಕಲ್ ಮೇಡಂ ಬಂದ್ರು." ಕತ್ತು ಉದ್ದವಾಯಿತು, ದನಿಗೆ ಇಸ್ತ್ರಿ ಬಿತ್ತು. "'ಪಾಪದ ಹುಡುಗ ಎಷ್ಟು ಹೆದರಿದ್ದಾನೆ ನೋಡಿ. ಅವಳ ಕಡೆ ಕಣ್ಣೆತ್ತಿ ನೋಡಲೂ ಅವನಿಂದ ಆಗುತ್ತಿಲ್ಲ.'"

ಮೆಲೆನೈತೆ ಮತ್ತೆ ನಕ್ಕಳು. ಹೆಸರು ಮೊಸೆಸೆಯಾದರೂ ಹುಡುಗ ಮೈಯಲ್ಲಿ ಮೊಸಳೆ. ಬಾಗಿಲಲ್ಲಿ ನಿಂತರೆ ಬಾಗಿಲೇ ಮುಚ್ಚುತ್ತದೆ. ಅವನು ಲುಪೆಗೆ ಹೆದರಿದನಂತೆ!

ಲುಪೆ ನಗಲಿಲ್ಲ.

"ಆಮೇಲೆ?"

"ಬಿಚ್ಚು ಅಂದ್ರು. ಅಲ್ಲೇ, ಅಂಗಳದಲ್ಲಿ. ಬಿಚ್ಚಿದೆ. ಬ್ಯಾಗ್ ಕೊಡು ಅಂದ್ರು. ಕೊಟ್ಟೆ. ತಲೆಕೆಳಗೆ ಮಾಡಿ ಸಿಮೆಂಟಿನ ಮೇಲೆ ಸುರಿದ್ರು. ಬಾಚಣಿಗೆ, ಪುಸ್ತಕ, ತಿಂದು ಉಳಿಸಿದ ಗೆಡ್ಡೆ. ಮುಟ್ಟಿನ ಪ್ಯಾಡು. ಹುಡುಗರೆಲ್ಲ ಸುತ್ತ ನಿಂತಿದ್ರು. ಒಬ್ಬ ಕಾಲಲ್ಲಿ ಒದ್ದು ಇನ್ನೊಬ್ಬನಿಗೆ ಪಾಸ್ ಮಾಡ್ದ." ಅವಳು ಚಾಕು ಎತ್ತಿಕೊಂಡಳು, ಮತ್ತೆ ಇಟ್ಟಳು. "ಮನೇಲಿ ಇನ್ನೂ ಏನೇನಿದೆ ಹೇಳಿಬಿಡು, ಸುಲಭ ಆಗುತ್ತೆ ಅಂದ್ರು ಮೇಡಂ. ಅಮ್ಮಾ, ಬ್ರಾಡಿ ಅಂತ ಒಬ್ಬ ಇದಾನೆ ಅದೇ ಟೀಮಲ್ಲಿ. ಅವನ ಜಾಕೆಟ್ಟನ್ನ ಅವನ ಗೆಳತಿ ಟೇಗನ್ ಚಳಿಗಾಲ ಪೂರ್ತಿ ಹಾಕ್ಕೊಂಡು ತಿರುಗ್ತಾಳೆ. ಅವಳಿಗೆ ಕೋಚ್ ಏನಂತಾನೆ ಗೊತ್ತಾ? 'ಎಷ್ಟು ಮುದ್ದಾಗಿ ಕಾಣ್ತೀಯಮ್ಮಾ!'"

ಮೆಲೆನೈತೆಯ ನಗು ಎಲ್ಲಿತ್ತೋ ಅಲ್ಲೇ ಹೆಪ್ಪುಗಟ್ಟಿತು. ಅವಳು ಬಗ್ಗಿ ಬೂಟು ಬಿಚ್ಚತೊಡಗಿದಳು. ಬೆರಳು ಮಡಚಲು ಬರುತ್ತಿರಲಿಲ್ಲ. ಲುಪೆ ತೆವಳಿಕೊಂಡು ಬಂದು ತಾಯಿಯ ಬೂಟಿನ ದಾರ ಬಿಚ್ಚಿದಳು.

ಸೋಮವಾರ ಇಸಿಲೇಲಿ ತೋಟಕ್ಕೆ ಬಂದ.

ಅವನು ಮೇಸ್ತ್ರಿ. ಟೊಂಗದವರನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ತೋಟದಿಂದ ತೋಟಕ್ಕೆ ಇಳಿಸುವವನು. ಚರ್ಚಿನಲ್ಲಿ ಮುಂದಿನ ಸಾಲು. ಕೈಯಲ್ಲಿ ಚರ್ಚಿನವರು ಕೊಟ್ಟ ಬಂಗಾರದ ಬಣ್ಣದ ವಾಚು. ಕೆಲಸದಲ್ಲಿ ಅಕ್ಕ ಅವನ ಕೈಕೆಳಗಿನ ಕೂಲಿ. ಆದರೂ ಅವನು ಅವಳು ನಿಂತ ಸಾಲಿಗೆ ಬರಲಿಲ್ಲ. ಪಕ್ಕದ ಸಾಲಿನಲ್ಲಿ ನಿಂತು, ತಂತಿಯ ಆಚೆಯಿಂದ, ಗಿಡವನ್ನು ನೋಡುತ್ತ ಮಾತಾಡಿದ.

"ಅಕ್ಕಾ."

"ಹ್ಞೂಂ."

"ಚಳಿ ಜಾಸ್ತಿ ಇದೆ."

"ಅದನ್ನ ಹೇಳೋಕೆ ಡೀಸೆಲ್ ಸುಟ್ಕೊಂಡು ಬಂದ್ಯಾ?"

ಅವನು ಒಂದು ಒಣಗಿದ ಎಲೆ ಕಿತ್ತ. ಪುಡಿ ಮಾಡಿದ. "ನಾಳೆ ಶಾಲೇಲಿ... ಒಂದ್ಸಾರಿ ಸಾರಿ ಅಂದ್ಬಿಡ್ಲಿ ಅಕ್ಕಾ. ಮುಗಿದೋಗುತ್ತೆ."

"ಯಾರು? ಯಾರಿಗೆ?"

"ಲುಪೆ. ಮೊಸೆಸೆಗೆ. ಎದುರು ಬದುರು ಕೂರಿಸ್ತಾರಂತೆ. ಅವನ ಮುಖ ನೋಡಿ ಹೇಳ್ಬೇಕಂತೆ."

ಕತ್ತರಿ ನಿಂತಿತು. "ನನ್ನ ಮಗಳು. ನಿನ್ನ ಮಗನ ಮುಂದೆ."

"ನಂಗೇನು ಗೊತ್ತಿಲ್ವಾ ಅಕ್ಕಾ? ನಂಗೂ ಹೊಟ್ಟೆ ಉರಿಯುತ್ತೆ."

"ಉರಿದ್ರೆ ನೀರು ಕುಡಿ. ಅವರಿಗೆ ಯಾಕೆ ಹೇಳಲಿಲ್ಲ, ಅವಳು ಯಾರು ಅಂತ?"

"ಹೇಳಿದ್ರೆ ಅರ್ಥ ಆಗುತ್ತಾ? ಇದು ಟೊಂಗ ಅಲ್ಲ."

"ಟೊಂಗ ಅಲ್ಲ ಅಂತ ನಾನು ನಿನ್ನ ಅಕ್ಕ ಅಲ್ವಾ? ಸಮುದ್ರ ದಾಟುವಾಗ ತೊಳೆದು ಹೋದ್ನಾ ನಾನು?"

"ಸಿಡ್ನಿಯಿಂದ ರಗ್ಬಿ ಕ್ಲಬ್ಬಿನವರು ಬರ್ತಿದಾರೆ, ಮೊಸೆಸೆ ಆಟ ನೋಡೋಕೆ. ಕೋಚ್ ಒಂದು ಮಾತು ಹೇಳಿದ್ರೆ ಹುಡುಗ ದಡ ಸೇರ್ತಾನೆ. ಈಗ ಕೋಚ್ ಜೊತೆ ಜಗಳ ಆಡ್ಲಾ? ಅಕನೇಸಿನೂ ಅಂತಾಳೆ..."

"ಏನಂತಾಳೆ ನಿನ್ನ ಹೆಂಡ್ತಿ?"

"ಏನಿಲ್ಲ."

"ಹೇಳೋ."

"ನಿಮ್ಮಕ್ಕನ ಮಗಳು ನಮ್ಮನೇಲಿ ಕಣ್ಣಿಗೆ ಕಂಡಿದ್ದೆಲ್ಲ ಎತ್ಕೊಂಡು ಹೋಗ್ತಾಳೆ ಅಂತ."

"ಹೋಗ್ತಾಳೆ. ಮತ್ತೆ ನಿನ್ನ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಅವಳ ತಮ್ಮನ ಮನೆಗೆ ಹೋದಾಗ ಬರಿಗೈಲಿ ಬರ್ತಾರಾ? ನಿಮ್ಮನೆ ಗೋಡೆ ಮೇಲಿನ ಆ ದೊಡ್ಡ ಟೀವಿ ಎಲ್ಲಿಂದ ಬಂತು? ಅದೇ ನಡ್ಕೊಂಡು ಬಂತಾ?"

ಇಸಿಲೇಲಿಗೆ ತಡೆಯಲಾಗದೆ ನಗು ಬಂತು. ಬಂದ ನಗುವನ್ನು ಕೆಮ್ಮಾಗಿ ಬದಲಾಯಿಸಿದ. ಆಮೇಲೆ ಮುಖ ಮತ್ತೆ ಬಾಡಿತು.

"ಲುಪೆಗೂ ಒಳ್ಳೇದೇ ಅಲ್ವಾ? ಸಾರಿ ಅಂದ್ರೆ ಆಸ್ಪತ್ರೆಗೆ ಕಳಿಸ್ತಾರಂತೆ. ಇಲ್ಲಾಂದ್ರೆ ಹೆಸರು ತೆಗೀತಾರೆ. ಪೊಲೀಸಿಗೂ ಹೇಳ್ತಾರೆ. ಒಂದು ಪದ ಅಕ್ಕಾ. ಬಾಯಿಗೆ ಏನು ಭಾರ?"

ಮೆಲೆನೈತೆ ಮುಂದಿನ ಗಿಡಕ್ಕೆ ಸರಿದಳು. ಅವನು ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆ ಹಾಕಿ ಹೋದ. ಅಷ್ಟು ಮರ್ಯಾದೆ ಅವನಲ್ಲಿ ಇನ್ನೂ ಉಳಿದಿತ್ತು.

ಅವಳು ಪ್ರಯತ್ನ ಮಾಡಿ ನೋಡಿದಳು. ಒಂದು ಗಿಡ ಕತ್ತರಿಸಿದಳು, "ಸಾರಿ" ಅಂದಳು. ಬಳ್ಳಿ ಎಳೆದಳು, "ಸಾರಿ" ಅಂದಳು. ಬಗ್ಗಿಸಿದಳು, ಸುತ್ತಿದಳು, ಕಟ್ಟಿದಳು, "ಸಾರಿ, ಸಾರಿ, ಸಾರಿ." ಗಿಡಗಳಿಗೆ ಹೇಳಲು ಬರುತ್ತಿತ್ತು. ಅವಕ್ಕೆ ನಿಜಕ್ಕೂ ನೋವು ಮಾಡಿದ್ದಳು. ಸಂಜೆಯಾಗುವ ಹೊತ್ತಿಗೆ ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಮಗಳು ಬೇಡ, ತಾನೇ ಹೇಳಿಬಿಡುವುದು. ಆಸ್ಪತ್ರೆ ಉಳಿಯಲಿ. ಕೈಗೆ ಇಷ್ಟು ಅಭ್ಯಾಸವಾಗಿದೆ, ಬಾಯಿಗೂ ಆಗಲಿ.

ಮಂಗಳವಾರ ಅವಳು ಸೊಂಟಕ್ಕೆ ಚಾಪೆ ಕಟ್ಟಿಕೊಂಡಳು. ಅಜ್ಜಿ ಹೆಣೆದ ತಾಓವಾಲ. ಚರ್ಚಿಗೂ, ಸಾವಿನ ಮನೆಗೂ, ದೊಡ್ಡವರ ಮುಂದೆ ನಿಲ್ಲುವಾಗಲೂ ಕಟ್ಟುವುದು. ಲುಪೆಗೂ ಒಂದು ಕಟ್ಟಿದಳು.

ಶಾಲೆಯ ಬಾಗಿಲಲ್ಲೇ ಕೋಚ್ ಪ್ಲಂಕೆಟ್ ಸಿಕ್ಕಿದ. ಕೆಂಪು ಕತ್ತಿನ, ಎಲ್ಲರ ಬೆನ್ನು ತಟ್ಟುವ ಮನುಷ್ಯ. "ಆಹಾ, ಏನ್ ಚೆಂದ ಉಡುಪು! ಶಾಲೆಯ ಸೌಹಾರ್ದ ದಿನಕ್ಕೆ ಇದೇ ಹಾಕ್ಕೊಂಡು ಬನ್ನಿ. ಹೋದ ಸಾರಿ ನಿಮ್ಮ ಮಕ್ಕಳ ಕುಣಿತ ನೋಡಿ ನಂಗೆ ಕಣ್ಣೀರೇ ಬಂತು."

"ಕುಣಿಯೋಕೆ ಬಂದಿಲ್ಲ" ಅಂದಳು ಮೆಲೆನೈತೆ.

ಗ್ರಂಥಾಲಯದಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಸಂಬಂಧ ಸುಧಾರಣಾ ವೃತ್ತ ಎಂದರು ಮಿಸೆಸ್ ಡ್ರಿಸ್ಕಲ್. ಇಲ್ಲಿ ಯಾರೂ ಮೇಲಲ್ಲ, ಯಾರೂ ಕೀಳಲ್ಲ. ಎಲ್ಲರಿಗೂ ಒಂದೇ ಎತ್ತರದ ಕುರ್ಚಿ. ಅವರ ಕೈಯಲ್ಲಿ ಅಂಗೈಯಗಲದ, ಹಳದಿ ಬಣ್ಣದ ಮೆತ್ತನೆಯ ಚೆಂಡು. "ಚೆಂಡು ಯಾರ ಕೈಯಲ್ಲಿ ಇರುತ್ತದೋ ಅವರು ಮಾತ್ರ ಮಾತನಾಡಬೇಕು. ಉಳಿದವರು ಗೌರವದಿಂದ ಕೇಳಬೇಕು. ಇದೊಂದೇ ನಿಯಮ."

ಇಸಿಲೇಲಿ ಆಗಲೇ ಕೂತಿದ್ದ. ಟೈ ಕಟ್ಟಿದ್ದ. ಅಕ್ಕನನ್ನು ಕಂಡು ಅರ್ಧ ಎದ್ದ, ಮೇಡಂ ಮುಖ ನೋಡಿ ಮತ್ತೆ ಕೂತ. ಲುಪೆಗೆ ತೋರಿಸಿದ ಕುರ್ಚಿಯ ಎದುರಿಗೆ ಇನ್ನೊಂದು ಕುರ್ಚಿ. ಎರಡರ ನಡುವೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟೇ ಜಾಗ.

ಮೊಸೆಸೆ ಬಂದ. ಬಾಗಿಲವರೆಗೆ ಬಂದ. ಒಳಗೆ ಲುಪೆ ಕೂತಿರುವುದನ್ನು ನೋಡಿದ. ಅಲ್ಲೇ ನಿಂತ. ತಲೆ ಎದೆಗೆ ಬಿತ್ತು.

"ಬಾ ಮೊಸೆಸೆ. ಇಲ್ಲಿ ನಿನಗೆ ಯಾವ ಅಪಾಯವೂ ಇಲ್ಲ" ಎಂದರು ಮಿಸೆಸ್ ಡ್ರಿಸ್ಕಲ್.

ಅವನು ಅಲ್ಲಾಡಲಿಲ್ಲ. ಕಿವಿಯವರೆಗೂ ಕೆಂಪಾಗಿದ್ದ. ಕೋಚ್ ಹೋಗಿ ಅವನ ತೋಳು ಹಿಡಿದು ಎಳೆದ. ಇಡೀ ಎದುರು ತಂಡವೇ ಸೇರಿದರೂ ಉರುಳದ ಹುಡುಗ. ಇವನೊಬ್ಬ ಎಳೆದರೆ ಬರುತ್ತಾನೆಯೆ? ಬಾಗಿಲ ಚೌಕಟ್ಟು ಹಿಡಿದು ನಿಂತ. ಹಿಡಿದ ಬೆರಳು ಬಿಳಿಚಿಕೊಂಡಿತ್ತು.

"ಕಂಡಿರಾ?" ಮಿಸೆಸ್ ಡ್ರಿಸ್ಕಲ್ ದನಿ ತಗ್ಗಿಸಿದರು. "ಇದೇ ನಾನು ಹೇಳಿದ್ದು. ಆಘಾತ."

ಲುಪೆ ಕಣ್ಣು ಮುಚ್ಚಿಕೊಂಡಳು. ತಮ್ಮನನ್ನು ತನ್ನ ಮುಂದೆ ಹೀಗೆ ದನ ಎಳೆದ ಹಾಗೆ ಎಳೆಯುವುದನ್ನು ನೋಡುವುದಕ್ಕಿಂತ ಅಂಗಳದಲ್ಲಿ ಇನ್ನೊಮ್ಮೆ ಬ್ಯಾಗು ಸುರಿಸಿಕೊಳ್ಳುವುದು ವಾಸಿ.

ಮೆಲೆನೈತೆ ನಾಲಗೆಯ ತುದಿಯಲ್ಲಿ ಇಟ್ಟುಕೊಂಡು ಬಂದಿದ್ದ ಪದವನ್ನು ನುಂಗಿದಳು.

"ಬಿಡಿ ಅವನನ್ನ" ಅಂದಳು.

"ಅಮ್ಮಾ, ಚೆಂಡು ತಮ್ಮ ಕೈಯಲ್ಲಿ ಇಲ್ಲ."

"ಹಾಗಾದ್ರೆ ಕೊಡಿ."

ಚೆಂಡು ಬಂತು. ಊದಿದ ಬೆರಳುಗಳ ನಡುವೆ ಅದು ಕೋಳಿಮರಿಯ ಹಾಗೆ ಕೂತಿತು. "ಬಿಡಿ ಅವನನ್ನ. ಅವನು ಹೆದರಿಲ್ಲ. ಒಳಗೆ ಅವನಕ್ಕ ಕೂತಿದಾಳೆ, ಅದಕ್ಕೆ ಬರ್ತಿಲ್ಲ. ನಮ್ಮಲ್ಲಿ ಬರೋದಿಲ್ಲ. ಅವನು ತಲೆ ತಗ್ಗಿಸಿದ್ದು ಭಯಕ್ಕಲ್ಲ. ನಿಮ್ಮ ಶಾಲೇಲಿ ಒಬ್ಬ ಮರ್ಯಾದಸ್ಥ ಹುಡುಗ ಇದ್ರೆ ಇವನೇ."

ಕೋಚ್ ಕೈ ಬಿಟ್ಟ. ಮೊಸೆಸೆ ಒಂದು ಹೆಜ್ಜೆ ಹಿಂದಕ್ಕೆ, ಕಾರಿಡಾರಿಗೆ ಸರಿದು, ಗೋಡೆಯ ಕಡೆ ಮುಖ ಮಾಡಿ ನಿಂತ.

ಮಿಸೆಸ್ ಡ್ರಿಸ್ಕಲ್ ಮುಂದಕ್ಕೆ ಬಾಗಿದರು. ಕಣ್ಣಲ್ಲಿ ನಿಜವಾಗಿಯೂ ಮರುಕ ಇತ್ತು. ಅದೇ ಕೆಟ್ಟದ್ದು. "ನೋಡಿ, ನಾವು ಕಟುಕರಲ್ಲ. ಈ ಚಳಿಯಲ್ಲಿ ನಿಮ್ಮ ಕಷ್ಟ ಏನೆಂದು ನನಗೆ ಗೊತ್ತು. ಮಗುವಿಗೆ ಬೆಚ್ಚನೆಯ ಬಟ್ಟೆ ಇರಲಿಲ್ಲ. ಚಳಿ ತಡೆಯಲಾರದೆ ತೆಗೆದುಕೊಂಡಳು. ಅಷ್ಟು ಹೇಳಿಬಿಡಿ ಸಾಕು. ಕಳ್ಳತನ ಎಂಬ ಪದವನ್ನೇ ನಾನು ತೆಗೆದುಹಾಕುತ್ತೇನೆ. ಕಚೇರಿಯಲ್ಲಿ ದಾನ ಬಂದ ಬಟ್ಟೆಯ ಪೆಟ್ಟಿಗೆ ಇದೆ. ಒಂದು ಕೋಟು ಆರಿಸಿಕೊಳ್ಳಲಿ. ಆಸ್ಪತ್ರೆಗೂ ಹೋಗಲಿ."

ಇಸಿಲೇಲಿ ಅಕ್ಕನ ಕಡೆ ನೋಡಿದ. ಹೂಂ ಅನ್ನಕ್ಕಾ, ಎಂದು ಅವನ ಮುಖವೆಲ್ಲ ಬೇಡುತ್ತಿತ್ತು. ಬಾಗಿಲು ತೆರೆದಿತ್ತು. ಒಂದು ಸುಳ್ಳು ಹೇಳಿದರೆ ಮಗಳು ದಾಟುತ್ತಾಳೆ. ಬಡವಿ, ಚಳಿ, ಪಾಪ. ಮೂರೂ ಜಗತ್ತಿನಲ್ಲಿ ಎಲ್ಲಿ ಬೇಕಾದರೂ ಚಲಾವಣೆಯಾಗುವ ಮಾತು.

ಮೆಲೆನೈತೆ ಚೆಂಡನ್ನು ಇನ್ನೊಂದು ಕೈಗೆ ಬದಲಾಯಿಸಿದಳು.

"ಅವಳಿಗೆ ಚಳಿ ಆಗಿರಲಿಲ್ಲ" ಅಂದಳು. "ಮನೇಲಿ ಕೋಟಿದೆ. ನಾನೇ ತಂದಿದ್ದು. ಚೆನ್ನಾಗೇ ಇದೆ. ಅವಳು ಆ ಜಾಕೆಟ್ಟು ತಗೊಂಡಿದ್ದು ಯಾಕೆ ಗೊತ್ತಾ? ಹಸಿರು ಬಣ್ಣ ಇಷ್ಟ ಆಯ್ತು. ತಗೊಂಡ್ಳು. ಅಷ್ಟೇ. ಅವಳ ಮಾವನ ಮನೇದು, ಅವಳದ್ದು. ನನ್ನ ಮಗಳು ಭಿಕ್ಷೆನೂ ಬೇಡಿಲ್ಲ, ಕದ್ದೂ ಇಲ್ಲ. ಈ ಎರಡು ಬಿಟ್ರೆ ನಮ್ಮಂಥೋರ ಕೈಗೆ ಒಂದು ವಸ್ತು ಬರೋಕೆ ಬೇರೆ ದಾರಿನೇ ಇಲ್ಲ ಅಂತ ನೀವು ತಿಳ್ಕೊಂಡಿದೀರಿ."

"ಮೆಲೆನೈತೆ, ನೀವು ಭಾವುಕರಾಗಿ..."

"ಚೆಂಡು ನನ್ನ ಹತ್ರ ಇದೆ ಮೇಡಂ."

ಮಿಸೆಸ್ ಡ್ರಿಸ್ಕಲ್ ಬಾಯಿ ತೆರೆದರು. ಮುಚ್ಚಿದರು. ಕೋಚ್ ಗಂಟಲು ಸರಿಮಾಡಿಕೊಂಡ. ಮೆಲೆನೈತೆ ಅವನ ಕಡೆಗೂ ಚೆಂಡು ಎತ್ತಿ ತೋರಿಸಿದಳು. ಅವನೂ ಸುಮ್ಮನಾದ.

"ಸಾರಿ ಬೇಕಂತೆ. ನಿಮ್ಮಿಂದ ನಂಗೂ ಒಂದು ಸಾರಿ ಬರ್ಬೇಕು. ಅಂಗಳದಲ್ಲಿ ನನ್ನ ಮಗಳ ಮೈ ಮೇಲಿನ ಬಟ್ಟೆ ಬಿಚ್ಚಿಸಿದ್ದು ಯಾರು? ಅವಳ ಚೀಲ ಸುರಿದು, ಹೆಣ್ಣು ಮಕ್ಕಳು ಮುಚ್ಚಿಟ್ಟುಕೊಳ್ಳೋದನ್ನ ಹುಡುಗರ ಕಾಲಿಗೆ ಹಾಕಿದ್ದು ಯಾರು? ಕೇಳಿದ್ರಾ ಅವಳನ್ನ? ಅನುಮತಿ ತಗೊಂಡ್ರಾ? ಆ ಟೇಗನ್ ಅನ್ನೋ ಹುಡುಗಿ ಹಾಕ್ಕೊಂಡ್ರೆ ಪ್ರೀತಿ, ನನ್ನ ಮಗಳು ಹಾಕ್ಕೊಂಡ್ರೆ ಪೊಲೀಸು. ನಮ್ಮ ಕುಣಿತ ನೋಡಿ ಅಳ್ತೀರಿ. ನಮ್ಮ ಹುಡುಗರ ಭುಜ ನೋಡಿ ಕಪ್ ಗೆಲ್ತೀರಿ. ನಮ್ಮ ಸಂಬಂಧ ಮಾತ್ರ ನಿಮ್ಮ ಕಣ್ಣಿಗೆ ಕಾಣಲ್ಲ. ಯಾರೂ ಮೇಲಲ್ಲ ಅಂದ್ರಿ. ಅಲ್ಲ. ಇಲ್ಲಿ ನನ್ನ ಮಗಳು ಇವನ ಮಗನಿಗಿಂತ ಮೇಲು. ಬೇಕಾದ್ರೆ ಇವನನ್ನೇ ಕೇಳಿ."

ಅವಳು ಚೆಂಡನ್ನು ತಮ್ಮನ ಮಡಿಲಿಗೆ ಎಸೆದಳು.

"ಹೇಳೋ ಇಸಿಲೇಲಿ. ನಾನ್ಯಾರು?"

ಇಸಿಲೇಲಿ ಚೆಂಡು ನೋಡಿದ. ಕೋಚ್ ಅವನನ್ನು ನೋಡುತ್ತಿದ್ದ. ಮಗನ ಬೆನ್ನು ಬಾಗಿಲಾಚೆ ಕಾಣುತ್ತಿತ್ತು. ಸಿಡ್ನಿ ಕಾಣುತ್ತಿತ್ತು. ಅವನ ಹಣೆಯ ಮೇಲೆ ಬೆವರು ಮೂಡಿತು.

ಆಮೇಲೆ ಅವನು ಟೈ ಸಡಿಲ ಮಾಡಿ, ಕುರ್ಚಿಯಿಂದ ಜಾರಿ ಕೆಳಗೆ ಕೂತ. ನೂರಿಪ್ಪತ್ತು ಕಿಲೋ ದೇಹ, ಗ್ರಂಥಾಲಯದ ನೀಲಿ ನೆಲಹಾಸಿನ ಮೇಲೆ, ಅಕ್ಕನ ಪಾದದ ಹತ್ತಿರ, ಚಕ್ಕಳಮಕ್ಕಳ ಹಾಕಿ.

"ಇವಳು ನನ್ನಕ್ಕ" ಅಂದ. "ಅವಳು ನನ್ನಕ್ಕನ ಮಗಳು. ನಮ್ಮನೇಲಿ ಏನಿದ್ರೂ ಅದು ಮೊದಲು ಅವಳದ್ದು, ಆಮೇಲೆ ನಮ್ಮದು. ಮೊಸೆಸೆ ಕೊಡ್ಲಿಲ್ಲ ಅಂದಿದ್ದು ನಿಜ. ಅವಳದ್ದನ್ನ ಅವಳಿಗೆ ಕೊಡೋಕೆ ಅವನ್ಯಾರು? ಇದನ್ನ ನಾನು ಶುಕ್ರವಾರವೇ ಹೇಳ್ಬೇಕಿತ್ತು. ಹೇಳ್ಲಿಲ್ಲ. ಬಾಲ ಆಡಿಸ್ಕೊಂಡು ಇಲ್ಲಿ ಬಂದು ಕೂತೆ."

"ಲುಪೆ" ಅಂದಳು ಮೆಲೆನೈತೆ. "ನಿಮ್ಮ ಮಾವನ ಹತ್ರ ನಿನಗೇನು ಬೇಕೋ ತಗೋ."

ಲುಪೆ ತಾಯಿಯನ್ನು ನೋಡಿದಳು. ಎದ್ದಳು. ಮಾವನ ಎದುರು ಬಗ್ಗಿ ಅವನ ಎಡಗೈ ಹಿಡಿದಳು. ವಾಚಿನ ಕೊಂಡಿ ಬಿಗಿಯಾಗಿತ್ತು. ಅವಳಿಗೆ ಬಿಚ್ಚಲು ಆಗದೆ ತಡಕಾಡಿದಾಗ ಇಸಿಲೇಲಿ ಮಣಿಕಟ್ಟು ತಿರುಗಿಸಿ, ತೋಳು ಎತ್ತಿ ಹಿಡಿದ. ವಾಚು ಬಿಚ್ಚಿ ಬಂತು. ಅಷ್ಟು ದಿನ ಅದು ಕೂತಿದ್ದ ಜಾಗದಲ್ಲಿ ಚರ್ಮ ತಿಳಿಯಾಗಿತ್ತು. ಲುಪೆ ಅದನ್ನು ತನ್ನ ಕೈಗೆ ಹಾಕಿಕೊಂಡಳು. ದೊಡ್ಡದಾಯಿತು. ಮೊಣಕೈವರೆಗೆ ಏರಿಸಿಕೊಂಡಳು.

ಚೆಂಡು ನೆಲಹಾಸಿನ ಮೇಲೆ ಎಲ್ಲೋ ಉರುಳಿ ಹೋಗಿತ್ತು.

"ಈ ಪ್ರದರ್ಶನದಿಂದ ಏನೂ ಬದಲಾಗುವುದಿಲ್ಲ" ಎಂದರು ಮಿಸೆಸ್ ಡ್ರಿಸ್ಕಲ್. ದನಿಯ ಇಸ್ತ್ರಿ ಮುದುಡಿತ್ತು. "ಆ ಜಾಕೆಟ್ ಶಾಲೆಯ ಹಣದಿಂದ ಬಂದದ್ದು. ಹಾಗೆ ನೋಡಿದರೆ ಅದು ಶಾಲೆಯ ಆಸ್ತಿ."

ಕಾರಿಡಾರಿನಿಂದ ಮೊಸೆಸೆಯ ದನಿ ಬಂತು. ಗೋಡೆಗೆ ಹೇಳುತ್ತಿದ್ದ. "ಕೊಡುವಾಗ ಕೋಚ್ 'ಇದು ನಿಂದು, ಸಾಯೋತನಕ ನಿಂದು' ಅಂದಿದ್ರು."

ಕೋಚ್ ತನ್ನ ಬೂಟು ನೋಡಿಕೊಂಡ. ಅವನನ್ನು ಯಾರೂ ಹೆದರಿದವನೆಂದು ಕರೆಯಲಿಲ್ಲ.

"ನಾನು ಪೊಲೀಸರಿಗೆ ತಿಳಿಸಬೇಕಾಗುತ್ತದೆ" ಎಂದರು ಮಿಸೆಸ್ ಡ್ರಿಸ್ಕಲ್. "ಆಸ್ಪತ್ರೆಗೂ."

ಮೆಲೆನೈತೆ ಮಗಳ ಕೈ ನೋಡಿದಳು. ಇನ್ನೂ ಗಂಟು ಬೀಳದ ಬೆರಳು. ಲುಪೆ ತಲೆ ಅಲ್ಲಾಡಿಸಿದಳು. ಬೇಡ ಅನ್ನುವಂತೆ ಅಲ್ಲ, ಹೂಂ ಅನ್ನುವಂತೆ.

"ತಿಳಿಸಿ" ಅಂದಳು ಮೆಲೆನೈತೆ. "ಒಂದಲ್ಲ, ಎರಡು ಅಂತ ತಿಳಿಸಿ. ಜಾಕೆಟ್ಟು ಒಂದು, ವಾಚು ಒಂದು. ಕಳ್ಳಿ ಇಲ್ಲೇ ಇದಾಳೆ. ಮಾಲು ಕೈಯಲ್ಲೇ ಇದೆ. ಕಳ್ಕೊಂಡವನೂ ಇಲ್ಲೇ ಕೂತಿದಾನೆ. ಪೊಲೀಸರು ಬರಲಿ. ಅವನ ಬಾಯಿಂದಾನೇ ದೂರು ಬರ್ಕೊಳ್ಳಲಿ. ಆಸ್ಪತ್ರೆಗೆ ನೀವು ಹೇಳೋದನ್ನ ನೀವು ಹೇಳಿ. ನಾನು ಹೇಳೋದನ್ನ ನಾನು ಹೋಗಿ ಹೇಳ್ತೀನಿ. ನಂಗೂ ಬಾಯಿದೆ ಅಂತ ಇವತ್ತು ಗೊತ್ತಾಯ್ತು."

ಮಿಸೆಸ್ ಡ್ರಿಸ್ಕಲ್ ಇಸಿಲೇಲಿಯ ಕಡೆ ತಿರುಗಿದರು. "ದಯವಿಟ್ಟು ಮೇಲೆ ಕುಳಿತುಕೊಳ್ಳಿ. ಹೀಗೆ ಕೆಳಗೆ ಕೂತು ತಾವು ತಮ್ಮನ್ನು ಅವಮಾನಿಸಿಕೊಳ್ಳುವ ಅಗತ್ಯವಿಲ್ಲ."

"ಅವಮಾನ ಆಗ್ತಿದ್ದಿದ್ದು ಮೇಲೆ ಕೂತಾಗ" ಅಂದ ಇಸಿಲೇಲಿ. "ಈಗ ನನ್ನ ಜಾಗದಲ್ಲಿ ಕೂತಿದೀನಿ."

ಕೋಚ್ ಎದ್ದ. ಇಲ್ಲಿ ತನಗೆ ಬೇಕಾದದ್ದು ಒಂದೇ ಇದೆ, ಅದನ್ನಾದರೂ ಉಳಿಸಿಕೊಳ್ಳೋಣ ಎಂಬಂತೆ ಬಾಗಿಲಿಗೆ ಹೋದ. "ನಡಿ ದೋಸ್ತ್. ಇದು ದೊಡ್ಡವರ ವ್ಯವಹಾರ. ಪ್ರಾಕ್ಟೀಸಿಗೆ ಹೊತ್ತಾಯ್ತು."

ಗೋಡೆಗೆ ಬೆನ್ನು ಉಜ್ಜಿದ ಸದ್ದು. ಮೊಸೆಸೆ ಬಾಗಿಲಾಚೆ, ಹೊಸ್ತಿಲು ದಾಟದೆ, ಒಳಗೆ ನೋಡದೆ, ನೆಲಕ್ಕೆ ಕೂತ. ಉದ್ದನೆಯ ಕಾಲುಗಳು ಕಾರಿಡಾರಿಗೆ ಅಡ್ಡವಾಗಿ ಚಾಚಿದವು. ಆ ಕಡೆಯಿಂದ ಬರುತ್ತಿದ್ದ ಮಕ್ಕಳು ನಿಂತರು.

"ಅತ್ತೆ ಏಳೋತನಕ ನಾನೂ ಏಳಲ್ಲ" ಅಂದ.

"ಶನಿವಾರ ಮ್ಯಾಚಿದೆ ಕಣೋ!"

ಮೊಸೆಸೆ ಉತ್ತರ ಕೊಡಲಿಲ್ಲ. ಶಾಲೆಗೆ ಅವನ ಮೌನ ಮೊದಲ ಸಲ ಸರಿಯಾಗಿ ಅರ್ಥವಾಯಿತು.

ಮಿಸೆಸ್ ಡ್ರಿಸ್ಕಲ್ ಕೈಯಲ್ಲಿ ಫೋನಿತ್ತು. ಬೆರಳು ಫೋನಿನ ಮೇಲಿತ್ತು. ಬೆರಳು ಇಳಿಯಲಿಲ್ಲ.

ಮೆಲೆನೈತೆ ಸೊಂಟದ ಚಾಪೆ ಸರಿಮಾಡಿಕೊಂಡು, ಕುರ್ಚಿಗೆ ಬೆನ್ನು ಕೊಟ್ಟು ಆರಾಮಾಗಿ ಕೂತಳು. ವಾರದ ದಿನ, ಹಗಲು ಹೊತ್ತಿನಲ್ಲಿ, ಬೆನ್ನಿಗೆ ಒಂದು ಆಸರೆ ಸಿಕ್ಕಿ ಎಷ್ಟು ಕಾಲವಾಗಿತ್ತೋ.

"ಮಾಡಿ ಮೇಡಂ ಫೋನು" ಅಂದಳು. "ನಿಧಾನವಾಗೇ ಮಾಡಿ. ಕೆಲಸಕ್ಕೆ ಕರೆಯೋ ಮೇಸ್ತ್ರಿನೂ ಇಲ್ಲೇ ಕೂತಿದಾನೆ."